ಹಿಂದಿನಿಂದ ಕೂಗಬಾರದು

ನಾನು ಸಣ್ಣಗಿದ್ದೆ. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ದೂರು ಹೇಳುತ್ತಿದ್ದೇನೆ. ನಮ್ಮ ತವರಿನವರು ನನ್ನ ಮೈಕಟ್ಟು ನೋಡಿ ಮರುಕಪಟ್ಟು ಬೆಣ್ಣೆ ತಿನ್ನಿಸುತ್ತಿದ್ದರು. ಗಂಡನ ಮನೆಯವರು ಅದೇ ಮೈಕಟ್ಟನ್ನು ನೋಡಿ, “ಒಳ್ಳೇದೇ ಆಯ್ತು ಬುಡು, ಹಿಂದೆ ಹಿಡಿಸ್ತಾಳೆ” ಎಂದರು. ಹಿಂದೆ ಎಂದರೆ ಜೀಪಿನ ಹಿಂದೆ, ಅದರ ಮೂರನೇ ಸಾಲಿನಲ್ಲಿ. ಅಲ್ಲಿ ಕಳೆದ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಸೊಂಟ ನೋಯುತ್ತದೆ, ಅದಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಈ ಹಳೆಯ ಸಿಟ್ಟನ್ನು ಕೆದಕಿದ್ದು ಮೊನ್ನೆ ಪತ್ರಿಕೆಯಲ್ಲಿ ಬಂದ ಒಂದು ಜಾಹೀರಾತು. ಯಾವುದೋ ಹೊಸ ದೊಡ್ಡ ವಾಹನ. ಇಡೀ ಸಂಸಾರ ಒಳಗೆ ಕೂತು ಹಲ್ಲು ಕಿರಿಯುತ್ತಿದೆ. ಕಟ್ಟಕಡೆಯ ಸಾಲಿನಲ್ಲಿ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಒಂದು ಮಗು, ಇಬ್ಬರೂ ನಗುತ್ತಿದ್ದಾರೆ. ಆ ಹೆಂಗಸಿನ ಮೊಣಕಾಲು ಎಲ್ಲಿರಬಹುದೆಂದು ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಕಾಣಲಿಲ್ಲ. ಗದ್ದದ ಕೆಳಗೇ ಇದ್ದಿರಬೇಕು. ಮೂರನೇ ಸಾಲಿನಲ್ಲಿ ಕೂತವರು ನಗುವುದನ್ನು ನಾನಂತೂ ಕಂಡವಳಲ್ಲ. ಆ ಚಿತ್ರ ತೆಗೆಯುವಾಗ ಗಾಡಿ ನಿಂತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಜೀಪು ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಮನೆ ತುಮಕೂರಿನಲ್ಲಿ, ತೆಂಗಿನ ತೋಟ ಗುಬ್ಬಿಯ ಹತ್ತಿರ. ನಾನು ಗುಬ್ಬಿಯ ಒಂದು ಶಾಲೆಯಲ್ಲಿ ಮೇಷ್ಟರಮ್ಮ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತೋಟದ ಓಡಾಟಕ್ಕೆಂದು ಯಾರೋ ಓಡಿಸಿ ಬಿಟ್ಟ ಜೀಪೊಂದನ್ನು ಕೊಂಡು ತಂದರು. ಅದು ಗಿಡ್ಡವಾಯಿತೆಂದು ಶಿರಾ ಗೇಟಿನ ಹತ್ತಿರ ಬಾಡಿ ಕಟ್ಟುವ ಖಾದರ್ ಸಾಬರಿಗೆ ಕೊಟ್ಟು ಹಿಂದಕ್ಕೆ ಉದ್ದ ಮಾಡಿಸಿದರು. ಉದ್ದವಾದ ಜಾಗದ ಎರಡು ಪಕ್ಕಕ್ಕೂ ಒಂದೊಂದು ಹಲಗೆ, ಕೊನೆಯಲ್ಲಿ ಒಂದು ಬಾಗಿಲು. ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಒಳಗೆ ಹಿಡಿಯೇ ಇರಲಿಲ್ಲ. ಹಿಡಿ ಎಲ್ಲಿ ಎಂದು ನನ್ನ ಗಂಡ ಅಲ್ಲಿಯೇ ಕೇಳಿದ್ದರಂತೆ. ಖಾದರ್ ಸಾಬರು ಬೀಡಿ ಪಕ್ಕಕ್ಕಿಟ್ಟು, “ಒಳಗಡೆ ಹಿಡಿ ಯಾಕೆ ಸಾರ್? ತೆಂಗಿನಕಾಯಿ ಬಾಗ್ಲು ತಕ್ಕಂಡು ತಾನೇ ಇಳೀತದಾ?” ಎಂದರಂತೆ. ಅಣ್ಣತಮ್ಮಂದಿರು ಇಬ್ಬರೂ ನಕ್ಕು ಗಾಡಿ ತಂದರು. ಮನೆಗೆ ಬಂದು ಈ ಮಾತನ್ನು ನನಗೂ ಹೇಳಿ ನಗಿಸಿದರು. ನಾನೂ ನಕ್ಕೆನಲ್ಲ, ಅದಕ್ಕೇ ನನ್ನ ಮೇಲೂ ನನಗೆ ಸಿಟ್ಟು.

ಕಾಯಿಗೆಂದು ಕಟ್ಟಿಸಿದ ಜಾಗಕ್ಕೆ ಮನುಷ್ಯರು ಹತ್ತಲು ಒಂದು ತಿಂಗಳೂ ಹಿಡಿಯಲಿಲ್ಲ. ಮನುಷ್ಯರು ಅಂದರೆ ನಾನು, ನನ್ನ ತೊಡೆಯ ಮೇಲೆ ನಮ್ಮ ಮಗಳು ಪುಟ್ಟಿ. ಮುಂದಿನ ಸೀಟು ಭಾವನಿಗೆ ಮತ್ತು ನಮ್ಮ ಅತ್ತೆಗೆ, ಅವರಿಗೆ ಮಂಡಿನೋವು. ಮಧ್ಯದ ಸಾಲು ಗಂಡಸರಿಗೆ, ಅವರಿಗೆ ಇಸ್ತ್ರಿ. ಉಳಿದದ್ದು ಸ್ಟೆಪ್ನಿ ಚಕ್ರ, ಡೀಸೆಲ್ ಡಬ್ಬ, ನಾನು. “ನೀನು ಸಣ್ಣಕ್ಕಿದೀಯ ಕಣವ್ವ, ಹಿಂದೆ ಕೂತ್ಕೊ” ಎಂದು ಅತ್ತೆ ಅಕ್ಕರೆಯಿಂದಲೇ ಹೇಳುತ್ತಿದ್ದರು. ದಪ್ಪಗಾದರೆ ಮಧ್ಯದ ಸಾಲಿಗೆ ಬಡ್ತಿ ಸಿಗಬಹುದೆಂದು ನಾನು ಗುಟ್ಟಾಗಿ ಒಂದು ಮುದ್ದೆ ಹೆಚ್ಚು ಉಂಡದ್ದೂ ಉಂಟು. ಜೀಪಿನ ಕುಲುಕಾಟಕ್ಕೆ ಅದೂ ಮೈಗೆ ಹತ್ತಲಿಲ್ಲ.

ಎತ್ತಿನ ಗಾಡಿಯಲ್ಲಿ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಹಿಂದೆ ಕೂತವರಿಗೂ ಒಂದು ಲೆಕ್ಕವಿತ್ತು. ಜನ ಹಿಂದೆ ಹೆಚ್ಚಾದರೆ ಹಿಂಭಾರವಾಗಿ ನೊಗ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತಿತ್ತು. ಗಾಡಿ ಹೊಡೆಯುವವನು ತಿರುಗಿ ನೋಡಿ, “ಒಸಿ ಮುಂದಕ್ಕೆ ಬನ್ರವ್ವ” ಎನ್ನುತ್ತಿದ್ದ. ನಮ್ಮ ಕಷ್ಟವನ್ನು ಎತ್ತಿನ ಕತ್ತು ಹೇಳುತ್ತಿತ್ತು. ಜೀಪಿಗೆ ಕತ್ತಿಲ್ಲ. ನಾನು ದಿನಾ ಗುಬ್ಬಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೂಡ ಹಿಂದಿನ ಬಾಗಿಲು ಹಾಕಿದ್ದು ನೋಡಿಯೇ ಸೀಟಿ ಊದುತ್ತಿದ್ದ. ಹೆಸರು ಗೊತ್ತಿಲ್ಲದವರ ಬಗ್ಗೆ ಅವನಿಗಿದ್ದ ಕಾಳಜಿ ಮನೆಯ ಗಾಡಿಯಲ್ಲಿ ಸಿಗಲಿಲ್ಲ.

ನಮ್ಮ ಭಾಷೆಯೂ ಈ ಅನ್ಯಾಯದಲ್ಲಿ ಪಾಲುದಾರ ಎಂದು ಪಾಠ ಮಾಡುವಾಗ ನನಗೆ ಅನಿಸಿದ್ದಿದೆ. ಕನ್ನಡದಲ್ಲಿ ‘ಮುಂದೆ’ ಎಂದರೆ ಎದುರಿನ ಜಾಗವೂ ಹೌದು, ಬರಲಿರುವ ಕಾಲವೂ ಹೌದು. ‘ಹಿಂದೆ’ ಎಂದರೆ ಬೆನ್ನ ಕಡೆಯ ಜಾಗ, ಮತ್ತು ಆಗಿಹೋದ ಕಾಲ. ಅಂದರೆ ಮುಂದೆ ಕೂತವರಿಗೆ ಭವಿಷ್ಯ, ಹಿಂದೆ ಕೂತವರಿಗೆ ಭೂತ. ಭಾವನಿಗೆ ಬರುವ ಹಳ್ಳ ಕಾಣುತ್ತಿತ್ತು. ನನಗೆ ಹಾರಿಬಿದ್ದ ಮೇಲೆ ಕಾಣುತ್ತಿತ್ತು. ನಡುವಿನ ವರ್ತಮಾನದಲ್ಲಿ ನನ್ನ ಗಂಡ ನಿದ್ದೆ ಮಾಡುತ್ತಿದ್ದರು.

ಇನ್ನು ಆ ದಿನದ ವಿಷಯ ಹೇಳುತ್ತೇನೆ. ನನ್ನ ಮೈದುನ ರಾಜಣ್ಣನಿಗೆ ಹೆಣ್ಣು ನೋಡಲು ಕುಣಿಗಲ್ಲಿಗೆ ಹೊರಟಿದ್ದೆವು. ಅದಕ್ಕೆ ಮೊದಲು ಬೇರೆ ಕಡೆ ನೋಡಿದ್ದ ಒಂದು ಸಂಬಂಧ ಮುರಿದುಬಿದ್ದಿತ್ತು. ಅದಕ್ಕೆ ಕಾರಣ ನಾನು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಸಲ ಜೀಪು ಮನೆ ಬಿಡುತ್ತಿದ್ದಂತೆ ಕುಂಕುಮದ ಭರಣಿ ಜಗುಲಿಯ ಮೇಲೇ ಉಳಿದದ್ದು ನನ್ನ ಕಣ್ಣಿಗೆ ಬಿತ್ತು. ಭೂತಕಾಲ ಕಾಣುವುದು ನನಗೊಬ್ಬಳಿಗೇ ತಾನೇ. “ರೀ, ಭರಣಿ ಮರೆತ್ರಿ” ಎಂದು ಕೂಗಿದೆ. ಶುಭಕಾರ್ಯಕ್ಕೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಇದು ನನಗೂ ಗೊತ್ತಿದ್ದ ಮಾತೇ. ಆದರೆ ಹಿಂದೆಯೇ ಕೂತವಳು ಇನ್ನೆಲ್ಲಿಂದ ಕೂಗಬೇಕು ಎಂದು ಯಾರೂ ಕೇಳಲಿಲ್ಲ.

ಹಾಗಾಗಿ ಈ ಸಲ ಅತ್ತೆ ರಾಹುಕಾಲ ಕಳೆದದ್ದನ್ನು ನೋಡಿ, ಹೊಸ್ತಿಲಲ್ಲೇ ನನ್ನ ಕಡೆ ತಿರುಗಿದರು. “ಅಲ್ಲಿಗೆ ಓಗಿ ಮುಟ್ಟೋಗಂಟ ತುಟಿ ಬಿಚ್ಚಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ” ಎಂದರು. ಅಷ್ಟು ದೊಡ್ಡವರು ಹಾಗೆ ಹೇಳಿದ ಮೇಲೆ ನಾನು ತಲೆ ಆಡಿಸಿದೆ. ಮಧ್ಯದ ಸಾಲಿನಲ್ಲಿ ನನ್ನ ಗಂಡ, ಹೊಸ ಪ್ಯಾಂಟು ಮುದುಡದಂತೆ ಕಾಲು ನೀಡಿದ ರಾಜಣ್ಣ, ಅವರಿಬ್ಬರ ನಡುವೆ ಹೂವು ಹಣ್ಣು ತಾಂಬೂಲದ ತಟ್ಟೆ. ತಟ್ಟೆಯನ್ನು ನೆಲಕ್ಕೆ ಇಡಬಾರದಂತೆ. ನನ್ನ ಮಗಳನ್ನು ಇಡಬಹುದಿತ್ತು. ಅವಳೂ ನಾನೂ ಹಿಂದಿನ ಹಲಗೆಯ ಮೇಲೆ, ಎದುರಿನ ಹಲಗೆಯ ಮೇಲೆ ಹೆಣ್ಣಿನ ಮನೆಗೆಂದು ತಂದ ಒಂದು ಚೀಲ ಕಾಯಿ.

ಹೆಬ್ಬೂರು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಒಂದು ಹಳ್ಳಕ್ಕೆ ಜೀಪು ಧಡಾರನೆ ಇಳಿದು ಎದ್ದಿತು. ಹೊರಗಿನ ಚಿಲಕ ಹಾರಿ ಬಾಗಿಲು ಅಗಲಕ್ಕೆ ತೆರೆದುಕೊಂಡಿತು. ಮೊಣಕಾಲಿನ ಆಚೆಗೆ ರಸ್ತೆ ಓಡುತ್ತಿತ್ತು. ಪುಟ್ಟಿ ಅತ್ತ ಜಾರಿದಳು. ಒಂದು ಕೈಯಲ್ಲಿ ಅವಳ ಸೊಂಟ ಹಿಡಿದೆ. ಬಾಗಿಲು ವಾಪಸು ಬಡಿಯುವಾಗ ಇನ್ನೊಂದು ಕೈಯಲ್ಲಿ ಅದರ ಕಿಟಕಿಯ ಕಂಬಿ ಹಿಡಿದೆ, ಗೆಣ್ಣಿನ ಚರ್ಮ ಕಿತ್ತುಬಂತು. ಉರುಳಿಬಿದ್ದ ಚೀಲ ಅಡ್ಡ ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚಲಿಲ್ಲ. ಒಂದು ಗೇಣು ಸಂದು ಹಾಗೇ ಉಳಿಯಿತು.

ನಾನು ಕೂಗಲಿಲ್ಲ.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕೂಗಿದರೆ ರಾಜಣ್ಣನ ಮದುವೆ ಕೆಡುತ್ತದೆ, ಎರಡನೇ ಸಲವೂ ನನ್ನಿಂದಲೇ ಕೆಡುತ್ತದೆ. ಕೂಗದಿದ್ದರೆ ಮಗು ಕೈಜಾರಬಹುದು. ಮಕ್ಕಳಿಗೆ ಮೂಢನಂಬಿಕೆಯ ಬಗ್ಗೆ ಪ್ರಬಂಧ ಬರೆಸುವ ಮೇಷ್ಟರಮ್ಮ ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾ ಕೂತಿದ್ದಳು. ಕಾಲು ಚಾಚಿ ಗಂಡನ ಬೆನ್ನಿನ ಹಲಗೆಗೆ ಒದ್ದೆ. ಅವರು ನಿದ್ದೆಗಣ್ಣಿನಲ್ಲೇ ಒಂದಿಷ್ಟು ಮುಂದಕ್ಕೆ ಸರಿದು ನನ್ನ ಕಾಲಿಗೆ ಜಾಗ ಕೊಟ್ಟರು. “ಅಮ್ಮ, ರೋಡು ಕಾಣ್ತೈತೆ” ಎಂದು ಪುಟ್ಟಿ ಪಿಸುಗುಟ್ಟಿದಳು. ಅವಳಿಗೂ ಕೂಗಬಾರದೆಂದು ಹೇಳಿದ್ದೆವು. ಚೀಲದ ಬಾಯಿ ಬಿಚ್ಚಿಕೊಂಡು ಆ ಸಂದಿನಿಂದ ಕಾಯಿಗಳು ಒಂದೊಂದಾಗಿ ರಸ್ತೆಗೆ ಬೀಳತೊಡಗಿದವು. ಎಷ್ಟು ದೂರ ಹೀಗೆ ಹೋದೆವೋ, ನನ್ನ ತೋಳು ಮಾತ್ರ ಇನ್ನಾಗದು ಎನ್ನುತ್ತಿತ್ತು.

ಕೊನೆಗೆ ರಸ್ತೆ ಪಕ್ಕದಲ್ಲಿ ಸೈಕಲ್ಲು ಹಿಡಿದು ನಿಂತಿದ್ದ ಒಬ್ಬ ಮನುಷ್ಯ ಕೂಗಿದ. “ಸ್ವಾಮೀ, ಕಾಯಿ ಬಿದ್ದೋಯ್ತಾ ಅವೆ ಕಣ್ರೀ.” ಭಾವ ಗಕ್ಕನೆ ಬ್ರೇಕು ಹಾಕಿದರು. ಗಮನಿಸಿ, ಕಾಯಿ ಎಂಬ ಮಾತಿಗೆ ಜೀಪು ನಿಂತಿತು. ಅತ್ತೆ ಇಳಿಯುತ್ತಲೇ, “ಯಾವನ್ಲಾ ಅವ್ನು ಹಿಂದ್ಲಿಂದ ಕೂಗಿದ್ದು” ಎಂದರು. ಭಾವ ಹಿಂದಕ್ಕೆ ಬಂದು ರಸ್ತೆ ನೋಡಿ, “ಕಾಯಿ ಒಡೆದಿಲ್ಲ ತಾನೇ?” ಎಂದು ಆ ಸೈಕಲ್ಲಿನವನನ್ನು ಕೇಳಿದರು. ಆ ಪುಣ್ಯಾತ್ಮನೇ ನನ್ನ ಕೈ ನೋಡಿ, “ಮೊದ್ಲು ಆ ಅಮ್ಮನ್ನ ಇಳಿಸ್ಕಳಿ” ಎಂದ.

ಇಳಿದೆ. ಭಾವ ಎಲ್ಲಿಂದಲೋ ಒಂದು ಹಗ್ಗ ತೆಗೆದು ಬಾಗಿಲಿಗೆ ಕಟ್ಟುವ ಅಂದಾಜು ಮಾಡಿ, ನನ್ನ ಗಂಡನಿಗೆ, “ಏನ್ಲಾ, ನಿನ್ ಹೆಂಡ್ರಿಗೆ ಹತ್ತು ಅನ್ನು, ಹೊತ್ತಾಯ್ತದೆ” ಎಂದರು. ಭಾವನೂ ನಾನೂ ನೇರ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹೇಳುವುದೇನಿದ್ದರೂ ನನ್ನ ಗಂಡನ ಮೂಲಕವೇ ಹೋಗಬೇಕು, ಬರಬೇಕು. ಅಂದರೆ ನನ್ನ ಮಾತೂ ಮಧ್ಯದ ಸಾಲು ದಾಟಿಯೇ ಮುಂದಿನ ಸಾಲಿಗೆ ಹೋಗುತ್ತಿತ್ತು.

ನಾನು ಪುಟ್ಟಿಯನ್ನು ಎತ್ತಿಕೊಂಡು ಜೀಪನ್ನು ಸುತ್ತುಹಾಕಿ ಬಂದು ಬಾನೆಟ್ಟಿನ ಎದುರಿಗೆ ನಿಂತೆ. ಎಲ್ಲರೂ ನನ್ನನ್ನೇ ನೋಡಿದರು.

“ಅತ್ತೆ, ಹಿಂದಿನಿಂದ ಕೂಗಬಾರ್ದು ಅಂದಿದ್ರಿ, ಕೂಗ್ಲಿಲ್ಲ. ಈಗ ಮುಂದೆ ನಿಂತಿದೀನಿ, ಈಗ ಹೇಳ್ಬೋದಲ್ಲ. ಬಾಗ್ಲು ಆ ಹಳ್ಳದಲ್ಲೇ ತೆಗೆದುಹೋಯ್ತು. ಅಲ್ಲಿಂದ ಇಲ್ಲೀಗಂಟ ಕೈಯಲ್ಲಿ ಹಿಡ್ಕೊಂಡು ಬಂದಿದೀನಿ. ಕಾಯಿ ಬಿದ್ದಿದ್ದಕ್ಕೆ ದಾರೀಲಿ ಹೋಗೋರು ಕೂಗಿದ್ರು. ಮಗು ಬಿದ್ದಿದ್ರೆ ಯಾರು ಕೂಗ್ತಿದ್ರು? ಭಾವ, ನಿಮಗೂ ಹೇಳ್ತಿದೀನಿ. ನಾನಿನ್ನು ಅಲ್ಲಿಗೆ ಹತ್ತಲ್ಲ.”

ಅತ್ತೆ ನನ್ನ ಗೆಣ್ಣು ನೋಡಿದರು. ಚೊಂಬಿನ ನೀರು ಹೊಯ್ದು, ತಮ್ಮ ಸೀರೆಯ ಸೆರಗಿನಿಂದಲೇ ಒತ್ತಿ ಹಿಡಿದರು. ಆದರೂ ಅವರು ಅತ್ತೆ, ಬಿಟ್ಟುಕೊಡುವುದುಂಟೇ. “ಅಲ್ಲೇನ್ ಹುಲಿ ಕೂತೈತಾ? ಬುಡು, ನಾನೇ ಕೂತ್ಕತೀನಿ” ಎಂದು ಮಂಡಿ ಹಿಡಿದುಕೊಂಡು ಹಿಂದಕ್ಕೆ ಹತ್ತಿದರು. ಬೇಡವೆಂದರೆ ಕೇಳಲಿಲ್ಲ. ಭಾವ ಬಾಗಿಲಿಗೆ ಹಗ್ಗ ಬಿಗಿದರು. ನನ್ನ ಗಂಡ ಮುಂದಕ್ಕೆ ಹೋದರು, ನಾನೂ ಪುಟ್ಟಿಯೂ ಮಧ್ಯದಲ್ಲಿ ತಟ್ಟೆಯ ಪಕ್ಕ ಕೂತೆವು.

ಮೊದಲ ಹಳ್ಳ ಬಂದ ಕೂಡಲೇ ಹಿಂದಿನಿಂದ ಕೂಗು ಬಂತು. “ಲೋ, ನಿಧಾನಕ್ಕೆ ಓಡ್ಸಲಾ.” ಎರಡನೇ ಹಳ್ಳಕ್ಕೆ, “ಅಯ್ಯೋ ನನ್ ಸೊಂಟ ಹೋಯ್ತಲ್ಲೋ.” ಕುಣಿಗಲ್ ಮುಟ್ಟುವವರೆಗೆ ಆ ಶುಭಪ್ರಯಾಣವನ್ನು ಅವರು ಎಷ್ಟು ಸಲ ಹಿಂದಿನಿಂದ ಕೂಗಿದರೋ ಹೇಳಲಾರೆ. ಭಾವ ಪ್ರತಿ ಸಲವೂ ನಿಧಾನ ಮಾಡಿದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಜೀಪಿಗೆ ನಿಧಾನವಾಗಿ ಹೋಗಲೂ ಬರುತ್ತದೆ ಎಂಬುದು ನನಗೆ ತಿಳಿದದ್ದೇ ಅವತ್ತು.

ಸಂಬಂಧ ಕೂಡಿಬಂತು. ಅಷ್ಟು ಕೂಗಿದರೂ ಕೂಡಿಬಂದದ್ದು ಹೇಗೆಂದು ನಾನು ಕೇಳಿದಾಗ ಅತ್ತೆ ಮುಖ ತಿರುಗಿಸಿ, “ಮನೆ ಹಿರೇರು ಕೂಗಿದ್ರೆ ದೋಷ ಇಲ್ಲ” ಎಂದರು. ಅದರ ಮರುವಾರ ಅವರೇ ಹಟ ಹಿಡಿದು ಭಾವನನ್ನು ಶಿರಾ ಗೇಟಿಗೆ ಕಳಿಸಿದರು. ಬಾಗಿಲಿಗೆ ಒಳಗಡೆ ಹಿಡಿ ಹಾಕಿ ಎಂದದ್ದಕ್ಕೆ ಖಾದರ್ ಸಾಬರು, “ಏನ್ ಸಾರ್, ಕಾಯಿಗೆ ಕೈ ಬಂತಾ?” ಎಂದರಂತೆ. ಈ ಸಲ ಭಾವ ನಗಲಿಲ್ಲವಂತೆ.

ಇಲ್ಲಿಗೇ ಮುಗಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ರಾಜಣ್ಣನ ಹೆಂಡತಿ ಶೋಭಾ ಮನೆಗೆ ಬಂದ ಮೊದಲ ಬೇಸಿಗೆ, ಎಲ್ಲರೂ ಗುಬ್ಬಿಯ ತೋಟದಿಂದ ಮನೆಗೆ ಹೊರಟಿದ್ದೆವು. ನಾನು ಅತ್ತೆಯ ಜೊತೆ ಮಧ್ಯದ ಸಾಲಿನಲ್ಲಿ ಸೆರಗು ಹರಡಿ ಕೂತಿದ್ದೆ. ಎಂದೋ ಉಂಡ ಮುದ್ದೆಗಳು ಅಷ್ಟು ಹೊತ್ತಿಗೆ ಮೈ ಹತ್ತಿದ್ದವು. ಶೋಭಾ ಎಲ್ಲಿ ಕೂರಲಿ ಎಂದು ನೋಡುತ್ತಾ ನಿಂತಳು. “ನೀನು ಸಣ್ಣಗಿದೀಯ ಕಣೇ, ಹಿಂದೆ ಹಿಡಿಸ್ತೀಯ” ಎಂಬ ಮಾತು ಕೇಳಿಬಂತು. ಹೇಳಿದ್ದು ನಾನೇ. ಸಾಕಷ್ಟು ಅಕ್ಕರೆಯಿಂದಲೇ ಹೇಳಿದ್ದೆ.

ಅವಳು ಹತ್ತಿದಳು, ಹಲಗೆಯ ಮೇಲೆ ಕೂತಳು, ಸುತ್ತಲೂ ನೋಡಿದಳು. ಆಮೇಲೆ ನನ್ನ ಜಗಳದಿಂದಾಗಿ ಬಂದ ಹಿಡಿಯನ್ನು ತಿರುವಿ, ಬಾಗಿಲು ತೆಗೆದು, ಇಳಿದು, ನೇರ ನನ್ನ ಕಿಟಕಿಯ ಹತ್ತಿರ ಬಂದಳು.

“ಇದು ಒಳಗಿಂದ್ಲೂ ತೆಗೆಯುತ್ತೆ ಕಣಕ್ಕ” ಎಂದಳು, ನಗುತ್ತಾ.

ನಾನು ಸೆರಗು ಎಳೆದುಕೊಂಡು ಸರಿದು ಕೂತೆ. ಇಕ್ಕಟ್ಟಾಯಿತು, ಅವಳ ಮೊಣಕೈ ತುಮಕೂರಿನವರೆಗೂ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಖಾದರ್ ಸಾಬರು ಯಾರಿಗೆಂದು ಆ ಜಾಗ ಕಟ್ಟಿದ್ದರೋ ಆ ಕಾಯಿಗಳು ಮಾತ್ರ ಹಿಂದೆ ಆರಾಮಾಗಿ ಉರುಳಾಡಿಕೊಂಡು ಬಂದವು.