ಅಳತೆ ಬ್ಲೌಸು

ನಾನು ದರ್ಜಿ ಅಂಗಡಿಯ ಮೆಟ್ಟಿಲು ಹತ್ತಿ ಏಳು ವರ್ಷವಾಯಿತು. ಇನ್ನು ಹತ್ತುವುದೂ ಇಲ್ಲ. ನನ್ನ ಬ್ಲೌಸು, ನನ್ನ ಚೂಡಿದಾರ, ಮನೆಯಲ್ಲಿ ಹಾಕಿಕೊಳ್ಳುವ ನೈಟಿ ಎಲ್ಲವನ್ನೂ ನಾನೇ ಹೊಲಿದುಕೊಳ್ಳುತ್ತೇನೆ. ಜಂಬ ಅಂದರೆ ಜಂಬ, ಏನೀಗ? ಯಾರಾದರೂ "ಎಲ್ಲಿ ಹೊಲ್ಸಿದ್ರಿ?" ಅಂತ ಕೇಳಲಿ ಎಂದೇ ಒಂದೊಂದು ದಿನ ಆಫೀಸಿನಲ್ಲಿ ಸೆರಗು ಸರಿಸಿ, ತೋಳು ಕಾಣುವ ಹಾಗೆ ಕೂತಿರುತ್ತೇನೆ.

ಶುರುವಾದದ್ದು ಸಿಟ್ಟಿನಿಂದ. ನಂಜನಗೂಡಿನಲ್ಲಿ ನಾನು ಬಟ್ಟೆ ಕೊಡುತ್ತಿದ್ದ ದರ್ಜಿಯೊಬ್ಬ ನನ್ನ ಹೊಸ ರೇಷ್ಮೆ ಬ್ಲೌಸನ್ನು ಉಸಿರಾಡಲು ಆಗದಷ್ಟು ಬಿಗಿಯಾಗಿ ಹೊಲಿದಿಟ್ಟಿದ್ದ. ಏನಪ್ಪಾ ಇದು ಅಂತ ಕೇಳಿದರೆ, "ನಾನು ಅಳತೆ ಬ್ಲೌಸ್ ಥರಾನೇ ಹೊಲ್ದಿರೋದು ಮೇಡಂ. ನೀವೇ ಊದ್ಕೊಂಡಿದೀರ," ಅಂದ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಕಿಸಕ್ಕೆಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನಿಗೆ ಅಲ್ಲೇ ನಾಲ್ಕು ಮಾತು ಕೊಟ್ಟು, ಬ್ಲೌಸನ್ನು ಬ್ಯಾಗಿಗೆ ತುರುಕಿಕೊಂಡು ಬಂದೆ. ಆ ತಿಂಗಳೇ ತಾಂಡವಪುರದ ನನ್ನ ಸಹೋದ್ಯೋಗಿಯ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಕಾಲುತುಳಿತದ ಹೊಲಿಗೆ ಮಿಷನ್ನು ಆಟೋದಲ್ಲಿ ನಮ್ಮ ಮನೆಗೆ ಬಂತು.

ಮೊದಲು ಕೆಡಿಸಿದ್ದೆಷ್ಟೋ ಲೆಕ್ಕವಿಲ್ಲ. ಒಂದು ಬ್ಲೌಸಿಗೆ ಎರಡೂ ಎಡತೋಳನ್ನೇ ಕತ್ತರಿಸಿದ್ದೆ. ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಹಳೇ ಬೆಡ್‌ಶೀಟುಗಳ ಮೇಲೆ ಕತ್ತರಿ ಆಡಿಸಿ, ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ಮತ್ತೆ ಹೊಲಿದು ಕಲಿತೆ. ವಾರದಲ್ಲಿ ಆರು ದಿನ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನಗೆ, ಭಾನುವಾರ ಪೆಡಲಿನ ಮೇಲೆ ಕಾಲಿಟ್ಟರೆ ಹೊಟ್ಟೆ ತುಂಬಾ ಉಂಡಷ್ಟು ಸುಖ. ವರ್ಷ ಎರಡಾಗುವ ಹೊತ್ತಿಗೆ ಒಂದು ಅಳತೆ ಬ್ಲೌಸು ಕೊಟ್ಟರೆ ಸಾಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದರಂಥದ್ದೇ ಇನ್ನೊಂದನ್ನು ಇಳಿಸುವಷ್ಟು ಕೈ ಪಳಗಿತು.

ನಮ್ಮ ಕಡೆ ಹೆಂಗಸರ ಪದ್ಧತಿಯೇ ಅದಲ್ಲವೇ. ಮೈಗೆ ಟೇಪು ಹಿಡಿಸಿಕೊಳ್ಳುವವರು ಯಾರು? ಸರಿಯಾಗಿ ಕೂರುವ ಒಂದು ಹಳೇ ಬ್ಲೌಸನ್ನು ಹೊಸ ಬಟ್ಟೆಯ ಜೊತೆ ಕವರಿಗೆ ಹಾಕಿ ಕೊಟ್ಟರಾಯಿತು. ದರ್ಜಿ ಅದನ್ನು ಮೇಜಿನ ಮೇಲೆ ಹಾಸಿ ಅಳೆದುಕೊಳ್ಳುತ್ತಾನೆ. ಅಮ್ಮ ಸಾಯುವವರೆಗೂ ಅವಳ ಮೈಯನ್ನು ಒಬ್ಬ ದರ್ಜಿಯೂ ಅಳೆದಿರಲಿಲ್ಲ. ಅಕ್ಕನದೂ ಹಾಗೆಯೇ.

ಈ ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಟಿ. ನರಸೀಪುರದಲ್ಲಿ ಮನೆ, ಅಲ್ಲೇ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಸೂಜಿಗೆ ದಾರ ಪೋಣಿಸು ಅಂದರೆ "ನಂಗ್ಯಾಕೆ ಆ ಉಸಾಬರಿ?" ಅನ್ನುವವಳು. ಆದರೆ ಮಕ್ಕಳನ್ನು ಕೂರಿಸಿಕೊಂಡು ಬೋರ್ಡಿನ ಮುಂದೆ ನಿಂತರೆ ಅವಳ ಸಮಕ್ಕೆ ಯಾರೂ ಇಲ್ಲ. ಅಷ್ಟು ಗುಂಡಗೆ, ಅಷ್ಟು ನೆಟ್ಟಗೆ ಬೋರ್ಡಿನ ಮೇಲೆ ಬರೆಯುವವರನ್ನು ನಾನು ಬೇರೆ ಕಂಡಿಲ್ಲ. ಹೋದ ವರ್ಷ ಅವಳಿಗೆ ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಆ ಭಾಗವನ್ನೇ ತೆಗೆದರು. ಆಮೇಲಿನ ಔಷಧಿಗಳೆಲ್ಲ ಮುಗಿದು, ಇನ್ನು ಭಯವಿಲ್ಲ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರೇ ಹೇಳಿದ್ದರು. ಕೂದಲೂ ಒಂದಿಷ್ಟು ಬಂದಿತ್ತು.

ಆಗ ಒಂದು ದಿನ ಭಾವನ ಫೋನು ಬಂತು. ಭಾವ ಬೇಸಾಯದವರು, ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ.

"ನಿಮ್ಮಕ್ಕ ಕೆಲ್ಸ ಬಿಡ್ತೀನಿ ಅಂತ ಅರ್ಜಿ ಬರ್ದು ಮಡ್ಗವ್ಳೆ ಕಣವ್ವ. ರಜ ಮುಗಿಯಾಕೆ ಇನ್ನು ಮೂರು ವಾರ ಐತೆ. ನನ್ ಮಾತ ಕೇಳಾಕಿಲ್ಲ. ನೀನೇ ಬಂದು ಏನಾರ ಮಾಡು."

ಶಾಲೆ ಬಿಟ್ಟು ಮನೆಯಲ್ಲಿ ಕೂತರೆ ಅವಳು ಅಕ್ಕನಾಗಿ ಉಳಿಯುವುದಿಲ್ಲ ಅನ್ನುವುದು ನನಗೆ ಗೊತ್ತು. ಆ ಭಾನುವಾರವೇ ನರಸೀಪುರದ ಬಸ್ಸು ಹತ್ತಿದೆ.

ಅಕ್ಕ ಮನೆಯೊಳಗೂ ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಕೂತಿದ್ದಳು. ಬೈದೆ, ಗೋಗರೆದೆ, ಮತ್ತೆ ಬೈದೆ. ಕೊನೆಗೆ ಬಾಯಿ ಬಿಟ್ಟಳು.

"ಬ್ಲೌಸ್ ಒಂದೂ ಕೂರಲ್ಲ ಕಣೇ. ಒಂದ್ಕಡೆ ಜೋತು ಬೀಳತ್ತೆ. ಅಂಗಡೀಲಿ ಸಿಗೋ ಪ್ಯಾಡ್ ತಂದು ಒಳಗೆ ಇಟ್ಕೊಂಡೆ, ಸೆಕೆಗೆ ಕಡಿತ ಶುರುವಾಯ್ತು. ಬೋರ್ಡ್ ಮೇಲೆ ಬರಿಯೋಕೆ ಕೈ ಎತ್ಲೇಬೇಕಲ್ಲ? ಕೈ ಎತ್ತಿದ್ರೆ ಎಲ್ಲಾ ಕಾಣತ್ತೆ. ಮೂರನೇ ಕ್ಲಾಸ್ ಮಕ್ಳು ಕಣೇ, ಮನಸಲ್ಲಿ ಇಟ್ಕೊಳಲ್ಲ, 'ಮಿಸ್, ಯಾಕ್ ಮಿಸ್ ಹಂಗಿದೆ?' ಅಂತ ಕೇಳೇ ಬಿಡ್ತವೆ. ಏನ್ ಹೇಳ್ಲಿ?"

ಅಯ್ಯೋ, ಇಷ್ಟೇನಾ ಅನ್ನಿಸಿತು ನನಗೆ. ಏಳು ವರ್ಷದ ಕೈ ನನ್ನದು. "ಒಂದು ಬ್ಲೌಸಿಗೋಸ್ಕರ ಯಾರಾದ್ರೂ ಕೆಲ್ಸ ಬಿಡ್ತಾರೇನೇ? ನಾನು ಹೊಲ್ಕೊಡ್ತೀನಿ. ಅಳತೆ ಬ್ಲೌಸ್ ಕೊಡು," ಅಂದೆ.

ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಬೀರು ತೆಗೆದು, ಮಾಸಿದ ಹಸಿರು ಬಣ್ಣದ ಹಳೇ ಅಳತೆ ಬ್ಲೌಸನ್ನು ನನ್ನ ಕೈಗಿಟ್ಟಳು. ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡು, ಕಾಫಿ ಕುಡಿದು, ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ಆ ವಾರ ನಾನು ಹೊಲಿದ ಬ್ಲೌಸಿನಷ್ಟು ಅಚ್ಚುಕಟ್ಟಾದದ್ದನ್ನು ಅದಕ್ಕೆ ಮೊದಲು ಹೊಲಿದಿರಲಿಲ್ಲ. ಮೆಂತ್ಯದ ಬಣ್ಣದ ಕಾಟನ್ ಬಟ್ಟೆ, ಒಳಗೆ ಮೆತ್ತನೆಯ ಲೈನಿಂಗು. ಬಲಗಡೆ ಲೈನಿಂಗಿನ ಒಳಗೆ ಹತ್ತಿ ತುಂಬಿ ದುಂಡಗೆ ಮಾಡಿದೆ. ಮೇಜಿನ ಮೇಲೆ ಹಾಸಿದರೆ ಎಡ ಬಲ ಎರಡೂ ಒಂದೇ ಸಮ. ನಮ್ಮ ಮನೆಯವರನ್ನೂ ಕರೆದು ತೋರಿಸಿದೆ.

ಮುಂದಿನ ಭಾನುವಾರ ಹೊಸ ಬ್ಲೌಸನ್ನೂ ಆ ಹಸಿರು ಅಳತೆ ಬ್ಲೌಸನ್ನೂ ಅಕ್ಕನ ಕೈಗಿಟ್ಟೆ. ಹೊಸದನ್ನು ಹಾಕಿಕೊಂಡು ಅವಳು ಕೋಣೆಯಿಂದ ಹೊರಗೆ ಬಂದಳು. ನಿಂತಾಗ ಚೆನ್ನಾಗಿಯೇ ಇತ್ತು. "ಎತ್ತು ಕೈ," ಅಂದೆ. ಎತ್ತಿದಳು. ಅರ್ಧಕ್ಕೇ ತೋಳಿನ ಹೊಲಿಗೆ ಕಂಕುಳನ್ನು ಕಚ್ಚಿತು. ಅವಳು ಹಲ್ಲು ಕಚ್ಚಿ ಇನ್ನೂ ಎತ್ತಿದಾಗ, ಹಗುರವಾದ ಹತ್ತಿಯ ಉಂಡೆ ಬಟ್ಟೆಯ ಸಮೇತ ಕತ್ತಿನ ಬುಡಕ್ಕೆ ಏರಿ ಕೂತಿತು.

ಆಗ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ನನ್ನ ಬಾಯಿಂದ ಮಾತು ಜಾರಿಬಿಟ್ಟಿತು. "ನಾನು ಅಳತೆ ಬ್ಲೌಸ್ ಥರಾನೇ ಹೊಲ್ದಿದೀನಲ್ಲೇ."

"ಹೊಲ್ದಿದೀಯ. ಚೆನ್ನಾಗೇ ಹೊಲ್ದಿದೀಯ," ಅಂದಳು ಅಕ್ಕ. "ಆದ್ರೆ ಅದು ಯಾರ ಅಳತೆ ಕಣೇ? ಅವಳು ಈಗ ಎಲ್ಲಿದಾಳೆ?"

ನನಗೆ ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಆ ದರ್ಜಿಯ ಮಾತನ್ನೇ ಒಂದಕ್ಷರ ಬಿಡದೆ ಆಡಿದ್ದೆ. ಅವನಿಗಾದರೆ ನಾನು ಯಾರೋ ಗಿರಾಕಿ. ಅಕ್ಕನಿಗೆ ನಾನು ಒಡಹುಟ್ಟಿದವಳು. ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನಾಲ್ಕು ದಿನ ಜೊತೆಗಿದ್ದೆ, ಗಂಜಿ ಕುಡಿಸಿದ್ದೆ, ತಲೆ ಬಾಚಿದ್ದೆ. ಡ್ರೆಸಿಂಗ್ ಬದಲಿಸಲು ನರ್ಸ್ ಬಂದಾಗ ಮಾತ್ರ ಫ್ಲಾಸ್ಕ್ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದೆ. ಆಮೇಲೂ ಒಂದು ಸಲವಾದರೂ "ತೋರ್ಸೇ" ಅಂದವಳಲ್ಲ. ನನಗೆ ಹೆದರಿಕೆ. ಅಳತೆ ಬ್ಲೌಸು ಕೇಳಿದ್ದೂ ಅದಕ್ಕೇ. ಅದಿದ್ದರೆ ಅಕ್ಕನ ಮೈ ನೋಡುವ ಗೋಜೇ ಇರಲಿಲ್ಲ.

ಅವಳನ್ನು ಕೋಣೆಯೊಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಬ್ಯಾಗಿನಿಂದ ಟೇಪು ತೆಗೆದೆ. "ಬಿಚ್ಚು," ಅಂದೆ.

"ಏ, ಹೋಗೇ!"

"ಚಿಕ್ಕೋಳಿದ್ದಾಗ ಒಂದೇ ಹಂಡೆ ನೀರಲ್ಲಿ ಸ್ನಾನ ಮಾಡಿಲ್ವಾ? ಬಿಚ್ಚೇ ಸುಮ್ನೆ."

ಬಿಚ್ಚಿದಳು. ನೋಡಿದೆ. ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ, ಅದರ ಸುತ್ತ ಬಿಗಿದ ನುಣುಪಾದ ಚರ್ಮ. ಅಷ್ಟೇ. ಅಷ್ಟಕ್ಕೆ ನಾನು ಎಂಟು ತಿಂಗಳು ಹೆದರಿದ್ದೆ. ಅಕ್ಕ ಗೋಡೆಯ ಕಡೆ ನೋಡುತ್ತಿದ್ದಳು. ನನಗೆ ಕಣ್ಣೀರು ಬಂತು, ಒರೆಸಿಕೊಂಡು, "ಹೊಲಿಗೆ ನೆಟ್ಟಗೆ ಹಾಕಿದಾನೆ ಡಾಕ್ಟ್ರು. ನನ್ ಹತ್ರ ಟ್ರೇನಿಂಗ್ ತಗೊಂಡಿರ್ಬೇಕು," ಅಂದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅತ್ತಳು.

ಟೇಪು ಹಿಡಿದೆ. ನಮ್ಮ ವಂಶದಲ್ಲೇ ಮೊದಲ ಸಲ ಇರಬೇಕು. ಎಡಕ್ಕೆ ಬೇರೆ ಅಳತೆ, ಬಲಕ್ಕೆ ಬೇರೆ. ಎಡತೋಳು ಹನ್ನೊಂದೂವರೆ ಇಂಚು, ಬಲತೋಳು ಬಾವು ಬಂದು ಹದಿಮೂರು. ಕೈ ಇಳಿಬಿಟ್ಟಾಗ ಒಂದು ಸಲ, ಎತ್ತಿದಾಗ ಒಂದು ಸಲ ಅಳೆದು ಎಲ್ಲವನ್ನೂ ಬರೆದುಕೊಂಡೆ.

ಉಳಿದದ್ದು ಒಳಗಿಡುವ ಉಂಡೆಯ ಸಮಸ್ಯೆ. ಹತ್ತಿಗೆ ಭಾರವಿಲ್ಲ, ಮೇಲಕ್ಕೇರುತ್ತದೆ. ಅದಕ್ಕೆ ಉಪಾಯ ಹೇಳಿದ್ದು ಅಕ್ಕನೇ.

"ನಿನ್ ಮಗಳು ಹುಟ್ಟಿದಾಗ ಅಮ್ಮ ರಾಗಿ ದಿಂಬು ಹೊಲ್ದಿದ್ಳಲ್ಲ, ಮಗು ತಲೆ ದುಂಡಗಾಗ್ಲಿ ಅಂತ? ಇಟ್ಟ ಕಡೆ ಇರ್ತಿತ್ತು ಅದು, ಅಲ್ಲಾಡ್ತಿರ್ಲಿಲ್ಲ."

ಎದ್ದು ಅಡುಗೆಮನೆಗೆ ಓಡಿದೆವು. ಭಾವನ ಮೆತ್ತನೆಯ ಹಳೇ ಪಂಚೆಯೊಂದನ್ನು ಹರಿದು ಸಣ್ಣ ಚೀಲ ಮಾಡಿದೆ. ನಾನು ಪಾವಿನಲ್ಲಿ ರಾಗಿ ಅಳೆದು ಸುರಿದ ಹಾಗೆ ಅಕ್ಕ ಅಂಗೈಯಲ್ಲಿ ತೂಗಿ ನೋಡುತ್ತಾ, "ಇನ್ನೊಂಚೂರು ಹಾಕು. ಎಡಗಡೆಯೋಳು ಇದಕ್ಕಿಂತ ಭಾರ," ಅನ್ನುತ್ತಿದ್ದಳು. ಹುಳ ಬೀಳದಿರಲಿ ಅಂತ ತುಂಬುವ ಮೊದಲೇ ರಾಗಿಯನ್ನು ಬೆಚ್ಚಗೆ ಹುರಿದಿದ್ದೆವು.

"ಬೆವರಿಗೆ ಮೊಳಕೆ ಬಂದ್ರೆ ಏನೇ ಗತಿ?"

"ಹುರಿದ ರಾಗಿ ಎಲ್ಲಾದ್ರೂ ಮೊಳಕೆ ಬರತ್ತೇನೇ, ಟೀಚರಮ್ಮ? ಬಂದ್ರೆ ಅಂಬ್ಲಿ ಕಾಯ್ಸ್ಕೊಂಡು ಕುಡಿ."

ನಗು ಕೇಳಿ ಭಾವ ಹಿತ್ತಿಲಿನಿಂದ ಬಂದು ಇಣುಕಿದರು. "ನನ್ ಪಂಚೆ ಯಾಕ್ರವ್ವ ಅರ್ದಾಕಿದ್ರಿ?" ಅಂದರು. ಹೆಂಡತಿ ನಗುತ್ತಿರುವುದನ್ನು ಕಂಡು, ಉತ್ತರಕ್ಕೆ ಕಾಯದೆ ಅಲ್ಲಿಂದ ಹೊರಟುಹೋದರು.

ಮೂರನೆಯ ಭಾನುವಾರ ಹೊಸ ಬ್ಲೌಸು ತಗೊಂಡು ಹೋದೆ. ಅಕ್ಕನ ರಜಕ್ಕೆ ಅದೇ ಕೊನೆಯ ದಿನ. ಅರ್ಜಿ ಇನ್ನೂ ಟಿವಿಯ ಪಕ್ಕದಲ್ಲೇ ಇತ್ತು. ಈ ಸಲ ಬಲಗಡೆಯನ್ನು ಬೇರೆಯೇ ಕತ್ತರಿಸಿದ್ದೆ. ತೋಳನ್ನು ಅಗಲ ಮಾಡಿ, ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿದ್ದೆ. ಅಮ್ಮನ ಕಾಲದ ರವಿಕೆಗಳಲ್ಲಿ ಅದು ಇರುತ್ತಿತ್ತು. ಗದ್ದೆ ಕೆಲಸದಲ್ಲಿ ಕೈ ಆಡಬೇಕಲ್ಲ. ಲೈನಿಂಗಿಗೆ ಒಂದು ಜೇಬು, ಜೇಬಿನೊಳಗೆ ರಾಗಿ ಚೀಲ. ರಾಗಿ ಒಂದೇ ಕಡೆ ಜಾರದ ಹಾಗೆ ಚೀಲಕ್ಕೆ ಅಡ್ಡಡ್ಡ ಹೊಲಿಗೆ. ಮೇಜಿನ ಮೇಲೆ ಹಾಸಿದರೆ ಆ ಬ್ಲೌಸು ಸೊಟ್ಟಗೆ ಕಾಣುತ್ತಿತ್ತು. ಈ ಸಲ ಯಾರನ್ನೂ ಕರೆದು ತೋರಿಸಿರಲಿಲ್ಲ.

ಅಕ್ಕ ಹಾಕಿಕೊಂಡಳು, ಸೀರೆ ಉಟ್ಟಳು. ನಾನು ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, "ಬರಿ," ಅಂದೆ.

"ಎಲ್ಲಿ?"

"ಬೀರು ಮೇಲೆ."

ಕಬ್ಬಿಣದ ಬೀರುವಿನ ಎದುರು ನಿಂತಳು. ಬಲಗೈ ನಿಧಾನವಾಗಿ ಮೇಲೆ ಹೋಯಿತು. ಭುಜ ದಾಟಿತು, ಕಿವಿ ದಾಟಿತು. ಬ್ಲೌಸು ಕದಲಲಿಲ್ಲ. ಬೀರುವಿನ ನೆತ್ತಿಯ ಹತ್ತಿರ, ಎಡದಿಂದ ಬಲಕ್ಕೆ, ಅದೇ ಗುಂಡನೆಯ ಅಕ್ಷರದಲ್ಲಿ ಮಾರನೆಯ ದಿನದ ವಾರ ಬರೆದಳು: ಸೋಮವಾರ. ಅದರ ಕೆಳಗೆ ನೆಟ್ಟಗೆ ಒಂದು ಗೆರೆ ಎಳೆದಳು. ಬಾಗಿಲಲ್ಲಿ ನಿಂತಿದ್ದ ಭಾವ ಹೋಗಿ, ಟಿವಿಯ ಪಕ್ಕದ ಅರ್ಜಿಯನ್ನು ತೆಗೆದುಕೊಂಡು ಒಲೆಗೆ ಹಾಕಿದರು.

ಆ ವಾರವೇ ಅದೇ ಅಳತೆಗೆ ಇನ್ನೊಂದು ಬ್ಲೌಸು ಹೊಲಿದು ಕಳಿಸಿದೆ. ಹದಿನೈದು ದಿನ ಕಳೆದ ಮೇಲೆ ನರಸೀಪುರದಿಂದ ಬರುವ ಪರಿಚಯದ ಕಂಡಕ್ಟರ ಕೈಯಲ್ಲಿ ಅಕ್ಕ ಒಂದು ಕವರು ಕಳಿಸಿದಳು. ಒಳಗೆ ಮೂರು ಹೊಸ ಬ್ಲೌಸ್ ಪೀಸು, ಜೊತೆಗೆ ನಾನೇ ಹೊಲಿದ ಆ ಮೊದಲ ಸೊಟ್ಟ ಬ್ಲೌಸು, ಒಗೆದು ಇಸ್ತ್ರಿ ಮಾಡಿದ್ದು. ಮೇಲೆ ಒಂದು ಚೀಟಿ: "ಇನ್ನು ಮೇಲೆ ಅಳತೆ ಬ್ಲೌಸು ಇದೇ."

ತಕ್ಷಣ ಫೋನು ಮಾಡಿದೆ. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ಆ ಹಳೇ ಹಸಿರು ಬ್ಲೌಸ್ ಏನಾಯ್ತೇ?"

"ಇಲ್ಲೇ ಇದೆ, ನನ್ ಕೈಯಲ್ಲಿ. ಕತ್ತರಿಸಿ, ನಾಲ್ಕು ಮಡಿಕೆ ಮಡ್ಚಿ, ಡಸ್ಟರ್ ಹೊಲ್ಕೊಂಡೆ. ಬೋರ್ಡ್ ಒರೆಸ್ತಾ ಇದೀನಿ."

"ನೀನು? ಹೊಲ್ದೆ? ಹೊಲಿಗೆ ನೆಟ್ಟಗಿದೆಯೇನೇ?"

"ಸೊಟ್ಟಗಿದೆ ಕಣೇ," ಅಂದಳು ಅಕ್ಕ. "ಚೆನ್ನಾಗ್ ಒರೆಸತ್ತೆ. ಇಡು ಫೋನು, ಪಾಠ ಅರ್ಧಕ್ಕೆ ನಿಂತಿದೆ."