ಫ್ರಿಜ್ಜಿನ ಬಾಗಿಲು ತೆಗೆಸಿದ ನರ್ಸಮ್ಮ

ನಂಜನಗೂಡಿನ ನರ್ಸಮ್ಮ ಪುಟ್ಟಬಸಮ್ಮನ ಲೆಕ್ಕದಲ್ಲಿ ಈ ಲೋಕದಲ್ಲಿ ಕೆಲಸ ಬಲ್ಲವರು ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬರು ಯಾರೆಂದು ಇನ್ನೂ ಗೊತ್ತಾಗಿರಲಿಲ್ಲ. ಐಸು ತುಂಬಿದ ನೀಲಿ ಡಬ್ಬಿಯನ್ನು ಹೆಗಲಿಗೆ ನೇತುಹಾಕಿಕೊಂಡು ಮೂವತ್ತೊಂದು ವರ್ಷ ದೇವನೂರಿನ ಸುತ್ತಮುತ್ತ ತಿರುಗಿ, ಕೂಸುಗಳ ತೊಡೆಗೆ ಲಸಿಕೆ ಚುಚ್ಚಿದವಳು. ಐಸು ಕರಗಿ ಡಬ್ಬಿ ಬೆಚ್ಚಗಾದರೆ ಒಳಗಿನ ಮದ್ದು ಬರೀ ನೀರು ಎಂಬುದನ್ನು ಆಕೆಗೆ ಯಾರೂ ನೆನಪಿಸಬೇಕಿರಲಿಲ್ಲ. ತಾರೀಕು ತಪ್ಪಿಸಿ ಬಂದ ತಾಯಂದಿರನ್ನು ಎಲ್ಲರ ಮುಂದೆ ನಿಲ್ಲಿಸಿ ನೀರಿಳಿಸುತ್ತಿದ್ದಳು. "ಎತ್ತೋಳ್ಗೇ ತಾರೀಕು ನೆಪ್ಪಿಲ್ದಿದ್ರೆ ಇನ್ಯಾರ್ಗವ್ವ ಇರ್ತದೆ?" ಎಂದರೆ ಎದುರಾಡುವ ಹೆಂಗಸು ಆ ಸೀಮೆಯಲ್ಲೇ ಇರಲಿಲ್ಲ. ಡಾಕ್ಟರುಗಳಿಗೂ ಆಕೆ ಹೆದರಿದವಳಲ್ಲ. ಹಿರಿಯರಿರಲಿ ಕಿರಿಯರಿರಲಿ, ಎಲ್ಲರೂ "ಏನಪ್ಪ" ಅಷ್ಟೆ, ಯಾರನ್ನೂ "ಸಾ" ಎಂದವಳಲ್ಲ.

ತೊಂಬತ್ತಾರನೇ ಇಸವಿಯಲ್ಲಿ ನಿವೃತ್ತಳಾದಾಗ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಬೈಯಲು ಒಬ್ಬರೂ ಇಲ್ಲದ್ದು ಆಕೆಗೆ ದೊಡ್ಡ ಕೊರತೆಯಾಯಿತು. ಚರಂಡಿಯಲ್ಲಿ ಕುಂಯ್ಗುಡುತ್ತಿದ್ದ ಕಂದು ನಾಯಿಮರಿಯೊಂದನ್ನು ತಂದು, ಮಣಿ ಎಂದು ಹೆಸರಿಟ್ಟು, ಬೈದುಕೊಂಡೇ ಸಾಕಿದಳು. ಬೈಗುಳ ಎಷ್ಟೇ ಇರಲಿ, ಮಣಿ ಉಂಡ ಮೇಲೆಯೇ ಆಕೆಗೆ ಅನ್ನ ಸೇರುತ್ತಿದ್ದದ್ದು.

ಮರಿಗೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸಬೇಕಾಗಿ ಬಂದಾಗ ಊರವರೆಲ್ಲ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಡಾಕ್ಟರ್ ನಂಜೇಶನ ಕಡೆ ಕೈ ತೋರಿಸಿದರು. ಏಕೆ? ಬೋರ್ಡಿನ ಮೇಲೆ ಬಿಳಿ ಪೊಮೆರೇನಿಯನ್ ನಾಯಿಯ ಚಿತ್ರ ಚೆನ್ನಾಗಿತ್ತಂತೆ. ಜನರ ಬುದ್ಧಿಯೇ ಇಷ್ಟು. ಪುಟ್ಟಬಸಮ್ಮ ಹೋದವಳೇ ಫ್ರಿಜ್ಜಿನ ಬಾಗಿಲು ತೆಗೆಯಲು ಹೇಳಿದಳು. ಲಸಿಕೆಯ ಸೀಸೆಗಳ ಪಕ್ಕದಲ್ಲೇ ಒಂದು ಮೊಸರಿನ ಪಾತ್ರೆ, ಅರ್ಧ ಕತ್ತರಿಸಿದ ನಿಂಬೆಹಣ್ಣು. ಕರೆಂಟು ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ಕೇಳಿದರೆ ಆ ಹುಡುಗ ಡಾಕ್ಟರಿಗೆ ಗೊತ್ತಿರಲಿಲ್ಲ.

"ಏನಪ್ಪ ಡಾಕ್ಟ್ರೇ, ಮೊಸ್ರು ಕೆಟ್ರೆ ಮೂಗ್ಗೆ ಗೊತ್ತಾಯ್ತದೆ. ಮದ್ದು ಕೆಟ್ರೆ ಯಾರ್ಗೆ ಗೊತ್ತಾಯ್ತದೆ?" ಎಂದು ಕಾದು ಕುಳಿತವರೆಲ್ಲರ ಎದುರಿಗೇ ಕೇಳಿ, ಮರಿಯನ್ನು ಕಂಕುಳಿಗೇರಿಸಿಕೊಂಡು ಹೊರಬಂದಳು.

ಆಮೇಲೆ ಆಕೆಗೆ ಸಿಕ್ಕವರು ತಿ. ನರಸೀಪುರದ ಚಲುವಯ್ಯ ಡಾಕ್ಟರು. ಬೋರ್ಡಿಲ್ಲ, ಚಿತ್ರವಿಲ್ಲ, ಮಾತೂ ಇಲ್ಲ. ಆದರೆ ಫ್ರಿಜ್ಜಿನೊಳಗೆ ಥರ್ಮಾಮೀಟರು ಇತ್ತು. ಏಳು ವರ್ಷ, ಪ್ರತಿ ಫೆಬ್ರವರಿಯಲ್ಲೂ ಮಣಿಯನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ನಾಯಿ ಹತ್ತಿಸಬೇಡಿ ಎನ್ನುವ ಕಂಡಕ್ಟರುಗಳ ಬಾಯಿ ಮುಚ್ಚಿಸಿ, ಬಸ್ಸಿನಲ್ಲಿ ಕರೆದೊಯ್ದಳು. ಮಣಿಯ ಲಸಿಕೆ ಕಾರ್ಡಿನಲ್ಲಿ ಏಳು ಸಾಲು ತುಂಬಿದವು. ಅಷ್ಟರಲ್ಲಿ ಚಲುವಯ್ಯನವರು ಕ್ಲಿನಿಕ್ ಮುಚ್ಚಿ ಮಗಳ ಊರಿಗೆ ಹೊರಟುಹೋದರು.

ಎರಡು ಸಾವಿರದ ನಾಲ್ಕರ ಫೆಬ್ರವರಿ ಬಂತು. ಪುಟ್ಟಬಸಮ್ಮ ಡಾಕ್ಟರನ್ನು ಆರಿಸತೊಡಗಿದಳು. ಒಬ್ಬ ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಿದ್ದ, ಆದರೆ ಸೀಸೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಇನ್ನೊಬ್ಬ ಕೈ ತೊಳೆಯಲಿಲ್ಲ. ಮತ್ತೊಬ್ಬ ಕೈ ತೊಳೆದ, ಆದರೆ ಮಣಿಯನ್ನು ಬೀದಿನಾಯಿ ಎಂದ. ನಂಜೇಶನ ಹೆಸರೆತ್ತಿದ ಪಕ್ಕದ ಮನೆಯವರಿಗೆ ಮೊಸರಿನ ಕಥೆಯನ್ನು ಇನ್ನೊಮ್ಮೆ ಕೇಳುವ ಶಿಕ್ಷೆಯಾಯಿತು. ಸರಿಯಾದವನು ಸಿಗಲಿ, ಹಾಕಿಸಿದರಾಯಿತು ಎಂದುಕೊಂಡೇ ದೀಪಾವಳಿ ಕಳೆಯಿತು. ಲೋಕದ ತಪ್ಪನ್ನೆಲ್ಲ ಹುಡುಕುವ ಈ ಮಹಾತಾಯಿಗೆ ಗೋಡೆಯ ಗೂಡಿನಲ್ಲಿದ್ದ ಕಾರ್ಡು ಮಾತ್ರ ಕಾಣಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಜೊಲ್ಲು ಸುರಿಸುತ್ತ ಬಂದ ನಾಯಿಯೊಂದು ಗೇಟಿನ ಸಂದಿನಲ್ಲಿ ನುಗ್ಗಿ ಮಣಿಯ ಮುಂಗಾಲು ಕಚ್ಚಿ ಸೀಳಿತು. ಬೀದಿಯವರು ಅದನ್ನು ಅಟ್ಟಿಸಿಕೊಂಡು ಹೋದರು. ಪುಟ್ಟಬಸಮ್ಮ ಗಾಯಕ್ಕೆ ಸೋಪು ಹಾಕಿ ಕಾಲು ಗಂಟೆ ನೀರು ಬಿಟ್ಟು ತೊಳೆದಳು. ಇನ್ನು ಆರಿಸುತ್ತ ಕೂರುವಂತಿರಲಿಲ್ಲ. ಆಟೋ ಹಿಡಿದು ನಂಜೇಶನ ಕ್ಲಿನಿಕ್ಕಿಗೇ ಹೋದಳು.

ಆತನ ತಲೆ ಅಲ್ಲಲ್ಲಿ ನರೆತಿತ್ತು. ನರ್ಸಮ್ಮನನ್ನು ಕಂಡವನು ತಾನಾಗಿಯೇ ಫ್ರಿಜ್ಜಿನ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತ. ಒಳಗೆ ಮೊಸರಿರಲಿಲ್ಲ. ಸೀಸೆಗಳ ನಡುವೆ ಥರ್ಮಾಮೀಟರು. ಫ್ರಿಜ್ಜಿನ ಮೇಲೆ ಒಂದರ ಮೇಲೊಂದು ನೋಟ್‌ಬುಕ್ಕುಗಳು, ಬೆಳಿಗ್ಗೆ ಸಂಜೆ ಎಷ್ಟು ಡಿಗ್ರಿ, ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು, ಎಲ್ಲ ಬರೆದದ್ದು.

"ನೀವು ಬೈದ ಮಾರನೇ ದಿನದಿಂದ ಬರೀತಿದ್ದೀನಿ ಅಮ್ಮ," ಎಂದ ನಂಜೇಶ. ಆಮೇಲೆ ಕೈ ಚಾಚಿದ. "ಕಾರ್ಡು ಕೊಡಿ. ಹೋದ ಸೂಜಿ ಯಾವತ್ತು ಹಾಕಿಸಿದ್ದು?"

ಪುಟ್ಟಬಸಮ್ಮ ಕಾರ್ಡು ಕೊಟ್ಟಳು. ಎಂಟನೆಯ ಸಾಲು ಖಾಲಿ, ತಾರೀಕು ಮೀರಿ ಹನ್ನೊಂದು ತಿಂಗಳು. ಹೊರಗೆ ನಾಲ್ಕಾರು ಜನ ಕಾದಿದ್ದರು. ಆತ ಅವರ ಮುಂದೆ ಒಂದು ಮಾತು ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. ಆತ ಬೈಯಲಿಲ್ಲ, ಸಿರಿಂಜು ತೆಗೆದುಕೊಂಡ. ದೇವನೂರಿನ ತಾಯಂದಿರಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ಆಕೆ ತನಗೇ ಕೇಳಿಕೊಂಡಳು.

ಐದು ಸೂಜಿ ಆಯಿತು. ಮಣಿಯನ್ನು ತಿಂಗಳುಗಟ್ಟಲೆ ಹಿತ್ತಿಲಲ್ಲಿ ಕಟ್ಟಿಹಾಕಿ, ಅದು ನೀರು ಕುಡಿದಾಗಲೆಲ್ಲ ಆಕೆ ಉಸಿರು ಬಿಟ್ಟಳು. ಹಳೆಯ ಏಳು ಸೂಜಿಗಳ ಬಲವೇ ಕಾಪಾಡಿತೆಂದು ನಂಜೇಶ ಹೇಳಿದ. ನಾಯಿ ಉಳಿಯಿತು. ಕಟ್ಟು ಬಿಚ್ಚಬಹುದೆಂದು ಹೇಳಿದ ದಿನ ಆತ ಕಾರ್ಡಿನಲ್ಲಿ ಮುಂದಿನ ವರ್ಷದ ತಾರೀಕನ್ನು ದಪ್ಪಗೆ ಬರೆದು, ಅಡಿಗೆರೆ ಎಳೆದು, ತಪ್ಪದೆ ಬರುತ್ತೀರಾ ಎಂದು ಕೇಳಿದ.

"ಬತ್ತೀನಿ ಸಾ," ಎಂದಳು ಪುಟ್ಟಬಸಮ್ಮ.