ಭರಣಿ, ಬಸಿ, ತಂಗಡಿ ಹೂ

ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಗಟ್ಟಿಯಾಗಿ ಮುಚ್ಚಲು ನೋಡಿದೆ.

ಕಣ್ಣು ಮುಚ್ಚಲಿಲ್ಲ.

ಕನ್ನಡಿಯಲ್ಲಿ ಬಲಗೆನ್ನೆ ಜೋತುಬಿದ್ದಿತ್ತು. ತುಟಿ ಎಡಕ್ಕೆ ಎಳೆದುಕೊಂಡಿತ್ತು. ಲಕ್ವ ಹೊಡೆಯಿತೆಂದು ಗಾಬರಿಯಾದ ನನ್ನ ಗಂಡ ಭಾಲ್ಕಿಯಿಂದ ಬೀದರಿಗೆ ಕರೆದೊಯ್ದರು. ಡಾಕ್ಟರು ನನಗೆ ಹುಬ್ಬು ಏರಿಸಲು ಹೇಳಿ, ಕೈ ಎತ್ತಿಸಿ ನೋಡಿದರು.

"ಲಕ್ವ ಅಲ್ರೀ. ಬೆಲ್ಸ್ ಪಾಲ್ಸಿ. ಮುಖದ ನರಕ್ಕ ಬಾವು ಬಂದದ. ಭಾಳ ಮಂದಿಗೆ ವಾಸಿ ಆಗ್ತದ."

ಸ್ಟೆರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಫಿಸಿಯೋಥೆರಪಿ.

ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಆ ಮುಖ ಹೊತ್ತು ಮಕ್ಕಳ ಮುಂದೆ ನಿಲ್ಲಲಾರೆ ಎನಿಸಿ ರಜೆ ಹಾಕಿದೆ. ಊಟ ಒಬ್ಬಳೇ ಮಾಡುತ್ತಿದ್ದೆ. ಯಾರೇ ಬಂದರೂ ಸೆರಗು ಬಾಯಿಗೆ ಹೋಗುತ್ತಿತ್ತು.

ಔರಾದಿನಿಂದ ಅತ್ತೆ ಬಸ್ಸಿನಲ್ಲಿ ಬಂದರು. ಹೊಲದ ಬದುವಿನ ಹಳದಿ ತಂಗಡಿ ಹೂವನ್ನೂ ನನಗೆ ಹೆಸರು ಗೊತ್ತಿಲ್ಲದ ನೀಲಿ ಹೂಗಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಉಪ್ಪಿನಕಾಯಿ ಮುಗಿದ ಪಿಂಗಾಣಿ ಭರಣಿ ತೊಳೆದು ಅದರಲ್ಲಿ ಹೂ ಇಟ್ಟರು. ಪಕ್ಕಕ್ಕೊಂದು ಚಹಾದ ಕಪ್ಪು, ಬಸಿ.

"ಸುಮ್ಮ ಕುಂಡ್ರಬ್ಯಾಡವ್ವಾ. ಇವೇನು ನಿನ್ನ ಮುಖ ನೋಡಂಗಿಲ್ಲ. ಚಿತ್ರ ತೆಗಿ."

ಬಲಗಣ್ಣಿಗೆ ಪ್ಯಾಡ್ ಕಟ್ಟಿಕೊಂಡು ಕುಳಿತೆ. ಒಂದೇ ಕಣ್ಣಿಗೆ ಅಳತೆ ತಪ್ಪುತ್ತಿತ್ತು. ಆದರೂ ಭರಣಿಯ ಕಂದು ಕೊರಳು, ಬಿಳಿ ಹೊಟ್ಟೆಯ ಮೇಲೆ ಬಿದ್ದ ಕಿಟಕಿಯ ಬೆಳಕು, ಬಸಿಯೊಳಗೆ ಉದುರಿದ ಎಸಳು, ಇವನ್ನೇ ನೋಡುತ್ತಾ ಬಣ್ಣ ಕಲೆಸುವಾಗ ನನ್ನ ಮುಖ ನನಗೆ ಮರೆತೇ ಹೋಗುತ್ತಿತ್ತು. ಹೂ ಬಾಡಿದರೆ ಅತ್ತೆ ಊರ ಹೊರಗೆ ಹೋಗಿ ಬೇರೆ ತರುತ್ತಿದ್ದರು.

ಮುಗಿದ ಚಿತ್ರವನ್ನು ಅವರು ದೂರ ನಿಂತು ನೋಡಿದರು.

"ಚಂದ ಆಗ್ಯದ. ಖರೆ, ಭರಣಿ ಬಾಯಿ ಒಂದ್ ಕಡಿ ಸೊಟ್ಟ ಆಗ್ಯದ ನೋಡು."

ಹೇಳಿದವರೇ ನಾಲಿಗೆ ಕಚ್ಚಿಕೊಂಡರು.

ನನಗೆ ನಗು ಬಂತು. ಅರ್ಧ ಬಾಯಿಯ ನಗು, ತಡೆಯಲಾಗಲಿಲ್ಲ. ಮುಚ್ಚಿಕೊಳ್ಳಬೇಕೆಂದೂ ನೆನಪಾಗಲಿಲ್ಲ. ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಅಂದು ಎಲ್ಲರೊಡನೆ ಕುಳಿತು ಉಂಡೆ.

ನಿಧಾನಕ್ಕೆ ಕಣ್ಣು ಮುಚ್ಚತೊಡಗಿತು. ತುಟಿ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಸ್ವಲ್ಪ ಹಾಗೇ ಉಳಿದರೂ ಉಳಿಯಬಹುದು ಎಂದಿದ್ದಾರೆ ಡಾಕ್ಟರು. ಇರಲಿ.

ರಜೆ ಮುಗಿಯುವ ಮೊದಲೇ ಶಾಲೆಗೆ ಹೋದೆ. ಮೊದಲ ದಿನ ಮಕ್ಕಳು ನನ್ನನ್ನೇ ದಿಟ್ಟಿಸಿದರು. ಮರುದಿನ ಬಣ್ಣದ ಡಬ್ಬಿಗಾಗಿ ಜಗಳಾಡಿದರು. ನಾನು ಗದರಿದೆ. ಮಾತು ತುಸು ತೊದಲಿತು.

ಆದರೂ ಹೆದರಿ ಸುಮ್ಮನಾದರು.